ರಾಗಿಯ ತಳಿ ಯಾವುದು? ಕೋಲಾರದ ಒಂದು ನಾಯಿಯ ವಂಶದ ಊಹೆ: ಪ್ರಕರಣ ಅಧ್ಯಯನ

2023ರ ಆಗಸ್ಟ್ ಎರಡನೇ ವಾರ ಬಂಗಾರಪೇಟೆ ರೈಲು ನಿಲ್ದಾಣದ ಹಿಂಬದಿಯ ರಸ್ತೆಯಲ್ಲಿ, ಟೀ ಅಂಗಡಿಯ ಬೆಂಚಿನ ಕೆಳಗೆ ಮುದುಡಿ ಮಲಗಿದ್ದ ಹೆಣ್ಣು ನಾಯಿಮರಿಯೊಂದನ್ನು ನಾನು ಕೋಲಾರದ ಬಾಡಿಗೆ ಮನೆಗೆ ತಂದೆ. ಮೈಯ ಅರ್ಧ ಭಾಗದ ಕೂದಲು ಕಜ್ಜಿಯಿಂದ ಉದುರಿಹೋಗಿತ್ತು. ಉಳಿದ ಅರ್ಧದಲ್ಲಿ ರಾಗಿ ಕಾಳಿನ ಕೆಂಗಂದು ಬಣ್ಣದ ಮೇಲೆ ಕಪ್ಪು ಗೆರೆಗಳು ಅಡ್ಡಡ್ಡ ಹಾಯ್ದಿದ್ದವು. ಅದಕ್ಕೆ ರಾಗಿ ಎಂಬ ಹೆಸರು ಬಂದದ್ದು ಹೀಗೆ. ಮರುದಿನ ಪಶುವೈದ್ಯರು ಲಸಿಕೆಯ ಕಾರ್ಡು ಬರೆಯುವಾಗ ಹೆಸರು, ಲಿಂಗ, ಬಣ್ಣ ಎಂದು ಸರಾಗವಾಗಿ ತುಂಬಿಕೊಂಡು ಹೋಗಿ ‘ತಳಿ’ ಎಂಬ ಖಾನೆಯ ಹತ್ತಿರ ಪೆನ್ನು ನಿಲ್ಲಿಸಿದರು. “ಏನಂತ ಬರೀಲಿ ಮೇಷ್ಟ್ರೇ?” ಎಂದರು. “ನೀವೇ ಹೇಳಬೇಕು ಡಾಕ್ಟ್ರೇ” ಎಂದೆ. ಅವರು ಸ್ವಲ್ಪ ಯೋಚಿಸಿ ‘ಕ್ರಾಸ್’ ಎಂದು ಒಂದೇ ಪದ ಬರೆದರು. ಯಾವುದಕ್ಕೂ ಯಾವುದಕ್ಕೂ ಕ್ರಾಸ್ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಂದಿನ ಹತ್ತು ತಿಂಗಳಲ್ಲಿ ಆ ಖಾನೆಯೊಂದರ ಸುತ್ತ ಎದ್ದ ಊಹೆಗಳನ್ನೂ, ಅವು ಹೇಗೆ ಹುಟ್ಟಿದವು, ಯಾಕೆ ತಪ್ಪಿದವು ಎಂಬುದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ದಿನವೇ ಗಟ್ಟಿಯಾಗಿ ತಿಳಿದದ್ದು ವಯಸ್ಸು ಮಾತ್ರ. ವೈದ್ಯರು ರಾಗಿಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸಿದಾಗ ಬಲಗಡೆ ಎರಡು ಕೋರೆಹಲ್ಲುಗಳು ಒಂದರ ಹಿಂದೊಂದು ಕಂಡವು: ಹಿಂದಿನದು ಸೂಜಿಯಂತೆ ಸಣ್ಣಗಿದ್ದು ತುದಿ ಬಾಗಿದ ಹಾಲುಹಲ್ಲು, ಮುಂದಿನದು ಒಸಡನ್ನು ಆಗಷ್ಟೇ ಸೀಳಿಕೊಂಡು ಅರ್ಧ ಹೊರಬಂದಿದ್ದ ದಪ್ಪನೆಯ ಬಿಳಿಯ ಶಾಶ್ವತ ಹಲ್ಲು. ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ, ಬೆಳೆದ ನಾಯಿಗೆ 42 ಹಲ್ಲು. ಕೋರೆಹಲ್ಲು ಬದಲಾಗುವುದು ಸಾಮಾನ್ಯವಾಗಿ ಐದರಿಂದ ಆರು ತಿಂಗಳ ನಡುವೆ. ಹೀಗಾಗಿ ವಯಸ್ಸಿನ ಖಾನೆಯಲ್ಲಿ ‘ಐದೂವರೆ ತಿಂಗಳು’ ಎಂದು ಬರೆಯಲು ವೈದ್ಯರಿಗೆ ಸಂಕೋಚವಾಗಲಿಲ್ಲ. ತೂಕ ಏಳು ಕಿಲೋ ಎಂಟುನೂರು ಗ್ರಾಂ ಇತ್ತು.

ಕಂಡವರು ಕಂಡದ್ದು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಮೆಂಡೆಲನ ಬಟಾಣಿ ಗಿಡಗಳನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬೆಳೆಸುವ ನನಗೆ ಮನೆಯಲ್ಲೇ ಒಂದು ಒಗಟು ಬಂದು ಮಲಗಿದ್ದು ಹಬ್ಬದಂತಾಯಿತು. ಮನೆಗೆ ಬಂದವರೆಲ್ಲರ ಊಹೆಯನ್ನು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಕೇಳಿ, ಡೈರಿಯ ಕೊನೆಯ ಪುಟದಲ್ಲಿ ಬರೆದುಕೊಳ್ಳತೊಡಗಿದೆ. ಮೂತಿಯ ಕಪ್ಪು ಬಣ್ಣ ನೋಡಿ ಔಷಧಿ ಅಂಗಡಿಯವರು ಜರ್ಮನ್ ಶೆಫರ್ಡ್ ಎಂದರು. ಟೊಮೆಟೊ ಮಂಡಿಯಲ್ಲಿ ವ್ಯಾಪಾರ ಮಾಡುವ ಗೆಳೆಯರು, ಮಂಡಿಯ ಗೇಟಿನಲ್ಲಿ ಇಂಥದೇ ಒಂದು ಇದೆ, ಅದು ಡಾಬರ್‌ಮನ್‌ಗೆ ಹುಟ್ಟಿದ್ದು, ಇದೂ ಅದೇ ಎಂದು ತೀರ್ಪು ಕೊಟ್ಟರು. ತಂಗಿಯ ಮಗಳು ಕುತ್ತಿಗೆಯ ಬಿಳಿ ಪಟ್ಟಿಯನ್ನು ಫೋಟೊದಲ್ಲಿ ನೋಡಿ “ಮಾಮ, ಇದು ಕೋಲಿ ಮಿಕ್ಸ್, ನೂರಕ್ಕೆ ನೂರು” ಎಂದು ಬರೆದಳು. ನಾನು ನನ್ನ ಊಹೆಯನ್ನು ಎಲ್ಲರಿಗಿಂತ ಮೊದಲೇ ಬರೆದಿಟ್ಟಿದ್ದೆ: ಮುಧೋಳ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ತೆಳ್ಳನೆಯ ಕಾಲು ಇವು ನನ್ನ ಆಧಾರಗಳು. ಹಸಿದ ಮರಿಯ ಹೊಟ್ಟೆ ಒಳಸೇರಿರದೆ ಇನ್ನೆಲ್ಲಿರುತ್ತದೆ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ನಮ್ಮ ಬೀದಿಯಲ್ಲಿ ಕೆಜಿಎಫ್ ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರು ರಾಗಿಯ ಹಿಂಗಾಲನ್ನು ಹಿಡಿದೆತ್ತಿ, ಒಳಬದಿಯಲ್ಲಿ ನೆಲಕ್ಕೆ ತಾಗದಂತೆ ತೊಗಲಿನಿಂದ ಜೋತುಬಿದ್ದಿದ್ದ ಹೆಚ್ಚುವರಿ ಬೆರಳನ್ನು ಅಲುಗಾಡಿಸಿ ತೋರಿಸಿದರು. “ಇಪ್ಪತ್ತು ಉಗುರಿನ ನಾಯಿ ಕಣಪ್ಪಾ ಇದು. ಬೀದಿ ನಾಯಿಗೆ ಹದಿನೆಂಟೇ. ಇದು ದೊರೆಗಳ ನಾಯಿ ಸಂತಾನ. ನಮ್ಮಪ್ಪ ಊರ್ಗಾಂ ಬಂಗ್ಲೆ ಕೆಲಸಕ್ಕೆ ಹೋಗೋವಾಗ ಇಂಥವೇ ಇದ್ದವಂತೆ” ಎಂದರು. ಕೆಜಿಎಫ್ ಕಡೆಯ ಮಾರಿಕುಪ್ಪಂ ರೈಲು ಬಂಗಾರಪೇಟೆಗೇ ಬರುವುದರಿಂದ, ಮರಿ ಸಿಕ್ಕ ಜಾಗವೂ ಅವರ ವಾದಕ್ಕೆ ಸಾಕ್ಷಿಯಾಯಿತು.

ಹಾಲು ಹಾಕುವ ಹುಡುಗ ಮಾತ್ರ “ಬೀದಿನಾಯಿ ಅಲ್ವಾ ಸಾರ್, ಇನ್ನೇನು?” ಎಂದಿದ್ದ. ಅದು ಊಹೆಯೇ ಅಲ್ಲವೆಂದು ನಾನು ಪಟ್ಟಿಗೆ ಸೇರಿಸಲಿಲ್ಲ. ಪಟ್ಟಿಯಿಂದ ಏನನ್ನು ಬಿಟ್ಟೆ ಎಂಬುದೂ ದಾಖಲೆಯ ಭಾಗವೇ ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಇಷ್ಟು ಜನ, ಇಷ್ಟು ಹೆಸರು. ಒಬ್ಬರದೂ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಇದು ಕೋಲಾರದವರ ಅಜ್ಞಾನವೇನಲ್ಲ. ಅಮೆರಿಕದಲ್ಲಿ ವಿಕ್ಟೋರಿಯಾ ವಾಯ್ತ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು 2009ರಲ್ಲಿ, ನಾಯಿಗಳನ್ನು ದತ್ತು ಕೊಡುವ ಸಂಸ್ಥೆಗಳು 20 ನಾಯಿಗಳಿಗೆ ಬರೆದುಕೊಟ್ಟಿದ್ದ ತಳಿಯ ಹೆಸರುಗಳನ್ನು ಡಿಎನ್ಎ ಪರೀಕ್ಷೆಯೊಂದಿಗೆ ಹೋಲಿಸಿದಾಗ, ಹೆಚ್ಚಿನವು ಹೊಂದಲಿಲ್ಲ. 2013ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ನಾಯಿಗಳ ನಡುವೆಯೇ ಕೆಲಸ ಮಾಡುವ 900ಕ್ಕೂ ಹೆಚ್ಚು ಮಂದಿಗೆ 20 ಮಿಶ್ರ ನಾಯಿಗಳ ವಿಡಿಯೊ ತೋರಿಸಿ ಕೇಳಲಾಯಿತು. 14 ನಾಯಿಗಳ ವಿಷಯದಲ್ಲಿ, ಡಿಎನ್ಎ ಹೇಳಿದ ಯಾವುದಾದರೊಂದು ತಳಿಯನ್ನು ಗುರುತಿಸಿದವರು ಅರ್ಧಕ್ಕಿಂತ ಕಡಿಮೆ. ಅವರೆಲ್ಲ ದಿನವೂ ನಾಯಿಗಳನ್ನು ಮುಟ್ಟಿ ನೋಡುವವರು. ಅವರ ಕಣ್ಣಿಗೇ ಸಿಗದ್ದು ಔಷಧಿ ಅಂಗಡಿಯ ಕೌಂಟರಿನಿಂದ ಕಾಣುವುದು ಹೇಗೆ?

ಕಣ್ಣು ತಪ್ಪುವುದು ಎಲ್ಲಿ

ನಾಯಿಗೆ 39 ಜೊತೆ ವರ್ಣತಂತುಗಳಿವೆ, ಅವುಗಳ ಒಂದು ಪೂರ್ಣ ಪ್ರತಿಯಲ್ಲಿ ಸುಮಾರು 240 ಕೋಟಿ ಅಕ್ಷರಗಳಷ್ಟು ಬರಹವಿದೆ. ಟಾಶಾ ಎಂಬ ಬಾಕ್ಸರ್ ನಾಯಿಯ ಜೀನೋಮನ್ನು ಓದಿ 2005ರಲ್ಲಿ ಪ್ರಕಟಿಸಿದಂದಿನಿಂದ, ಆ ಬರಹದ ಯಾವ ಸಾಲು ಏನನ್ನು ಮಾಡುತ್ತದೆ ಎಂಬುದು ಒಂದೊಂದಾಗಿ ತಿಳಿಯುತ್ತಾ ಬಂದಿದೆ. ಹಾಗೆ ತಿಳಿದದ್ದರಲ್ಲಿ ಬೆರಗಿನ ವಿಷಯವೆಂದರೆ, ನಾಯಿಯನ್ನು ನೋಡಿದೊಡನೆ ನಮ್ಮ ಕಣ್ಣಿಗೆ ಬೀಳುವ ಲಕ್ಷಣಗಳು ಬೆರಳೆಣಿಕೆಯ ಜೀನುಗಳ ಕೈಯಲ್ಲಿವೆ. ಕೂದಲಿನ ವೈವಿಧ್ಯವನ್ನೇ ತೆಗೆದುಕೊಂಡರೆ, ಉದ್ದವೋ ಗಿಡ್ಡವೋ, ಗುಂಗುರೋ ನೇರವೋ, ಮೀಸೆ ಹುಬ್ಬುಗಳು ಇವೆಯೋ ಇಲ್ಲವೋ ಎಂಬುದರ ಬಹುಪಾಲನ್ನು ಕೇವಲ ಮೂರು ಜೀನುಗಳು ತೀರ್ಮಾನಿಸುತ್ತವೆ ಎಂದು 2009ರಲ್ಲಿ ತೋರಿಸಲಾಯಿತು. ಸಣ್ಣ ತಳಿಗಳ ಗಾತ್ರದ ಹಿಂದೆ ಐಜಿಎಫ್-1 ಎಂಬ ಒಂದು ಜೀನಿನ ದೊಡ್ಡ ಕೈವಾಡವಿರುವುದು 2007ರಲ್ಲೇ ಗೊತ್ತಾಗಿತ್ತು. ವಂಶವಾದರೋ ಆ 240 ಕೋಟಿ ಅಕ್ಷರಗಳ ಉದ್ದಕ್ಕೂ ಹರಡಿಕೊಂಡಿರುತ್ತದೆ. ಮುನ್ನೂರು ಪುಟಗಳ ಪುಸ್ತಕದ ರಕ್ಷಾಪುಟ ನೋಡಿ ಒಳಗಿನ ಕಥೆ ಹೇಳಿದಂತೆ ನಾವೆಲ್ಲ ರಾಗಿಯನ್ನು ನೋಡಿ ಅದರ ಮುತ್ತಜ್ಜನ ಹೆಸರು ಹೇಳುತ್ತಿದ್ದೆವು.

ರಾಗಿಯ ಮೈಮೇಲಿನ ಹುಲಿಪಟ್ಟೆಯನ್ನೇ ನೋಡಿ. ಇದು ವಿಜ್ಞಾನಿಗಳು ಕೆ ಸ್ಥಾನ ಎಂದು ಕರೆಯುವ ಒಂದೇ ಜಾಗದಲ್ಲಿನ ವ್ಯತ್ಯಾಸದಿಂದ ಬರುತ್ತದೆ. ತಾಯಿಯಿಂದಲೋ ತಂದೆಯಿಂದಲೋ ಪಟ್ಟೆಯ ಒಂದು ಪ್ರತಿ ಬಂದರೆ ಸಾಕು; ಅದನ್ನು ಮುಚ್ಚಿಹಾಕುವ ಪೂರ್ತಿ ಕಪ್ಪಿನ ಪ್ರತಿಯೊಂದು ಜೊತೆಗೆ ಇರದಿದ್ದರೆ, ಕೆಂಪು ಬಣ್ಣ ಇರಬೇಕಾದಲ್ಲೆಲ್ಲ ಕಪ್ಪು ಗೆರೆಗಳು ಮೂಡುತ್ತವೆ. ಈ ಪಟ್ಟೆ ಗ್ರೇಹೌಂಡಿನಲ್ಲೂ ಇದೆ, ಬಾಕ್ಸರಿನಲ್ಲೂ ಇದೆ, ಪಿಟ್‌ಬುಲ್ಲಿನಲ್ಲೂ ಇದೆ. ಯಾವ ತಳಿಯ ಹಂಗೂ ಇಲ್ಲದ ನಮ್ಮ ಊರುಗಳ ನಾಯಿಗಳಲ್ಲೂ ಧಾರಾಳವಾಗಿದೆ. ಕೋಲಾರದ ಬಸ್ ನಿಲ್ದಾಣದಿಂದ ಅಂತರಗಂಗೆಯ ಮೆಟ್ಟಿಲಿನವರೆಗೆ ನಡೆದುಹೋದರೆ ಎರಡು ಮೂರಾದರೂ ಕಣ್ಣಿಗೆ ಬೀಳುತ್ತವೆ. ಎದೆಯ, ಕುತ್ತಿಗೆಯ, ಕಾಲ್ಬೆರಳುಗಳ ಬಿಳುಪು ಇನ್ನೂ ಕಡಿಮೆ ಬೆಲೆಯ ಸಾಕ್ಷ್ಯ. ಭ್ರೂಣದಲ್ಲಿ ಬಣ್ಣದ ಕೋಶಗಳು ಬೆನ್ನಿನ ಕಡೆಯಿಂದ ಹೊರಟು ಹೊಟ್ಟೆ, ಪಾದಗಳತ್ತ ಹರಿಯುತ್ತವೆ. ಕೊನೆಯ ಜಾಗಗಳಿಗೆ ಅವು ತಲುಪದಿದ್ದರೆ ಅಲ್ಲಿ ಬಿಳಿ ಉಳಿಯುತ್ತದೆ. ಕೆರೆಯ ನೀರು ಕೊನೆಯ ಗದ್ದೆಗೆ ತಲುಪದ ಹಾಗೆ. ಅದರಿಂದ ಕೋಲಿ ನಾಯಿಯನ್ನು ಊಹಿಸುವುದು ಆ ಒಣಗದ್ದೆಯನ್ನು ನೋಡಿ ಕೆರೆಯ ಹೆಸರು ಹೇಳಿದಂತೆ.

ಹಿರಿಯರು ಹಿಡಿದೆತ್ತಿದ ಹಿಂಗಾಲಿನ ಬೆರಳು ನನ್ನನ್ನು ಹೆಚ್ಚು ಕಾಡಿತು. ಅವರ ಲೆಕ್ಕ ಸರಿ: ಮುಂಗಾಲುಗಳಿಗೆ ಐದೈದು, ಹಿಂಗಾಲುಗಳಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು ಉಗುರು ಸಾಮಾನ್ಯ, ರಾಗಿಗೆ ಇಪ್ಪತ್ತು. ಆದರೆ ಈ ಹೆಚ್ಚುವರಿ ಬೆರಳು ಕೂಡ, ಬೆರಳುಗಳ ಸಂಖ್ಯೆಯನ್ನು ನಿಯಂತ್ರಿಸುವ ಒಂದು ಸ್ವಿಚ್ಚಿನಲ್ಲಿನ ಸಣ್ಣ ಬದಲಾವಣೆಯಿಂದ ಬರಬಲ್ಲದು. ಫ್ರಾನ್ಸಿನ ಬ್ಯೂಸರಾನ್‌ನಂಥ ಕೆಲವು ತಳಿಗಳಲ್ಲಿ ಅದು ಇರಲೇಬೇಕೆಂಬ ನಿಯಮವಿದೆ ನಿಜ, ಆದರೆ ತಳಿಯಿಲ್ಲದ ನಾಯಿಗಳಲ್ಲೂ ಅದು ಕಾಣಿಸಿಕೊಳ್ಳುತ್ತದೆ.

ಇನ್ನು ಮಿಶ್ರಣವೆಂದರೆ ಎರಡು ಬಣ್ಣ ಕಲಸಿದಂತೆ ನಡುವಿನದೊಂದು ಬರುತ್ತದೆ ಎಂಬ ನಮ್ಮ ಎಣಿಕೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬಿಬ್ಬರು ವರ್ಷಗಟ್ಟಲೆ ನಾಯಿಗಳ ಮೇಲೆ ಪ್ರಯೋಗ ನಡೆಸಿ 1965ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಸೆಂಜಿ ಮತ್ತು ಕಾಕರ್ ಸ್ಪ್ಯಾನಿಯಲ್ ತಳಿಗಳನ್ನು ಕೂಡಿಸಿದಾಗ ಹುಟ್ಟಿದ ಮರಿಗಳ ಮುಂದಿನ ತಲೆಮಾರಿನಲ್ಲಿ, ಅಜ್ಜ ಅಜ್ಜಿ ಯಾರನ್ನೂ ಹೋಲದೆ ಬೇರಾವುದೋ ತಳಿಯಂತೆ ತೋರುವ ನಾಯಿಗಳು ಬಂದವು. ನನ್ನ ವಿದ್ಯಾರ್ಥಿಗಳಿಗೆ ಎರಡನೇ ತಲೆಮಾರಿನ ಬಟಾಣಿಯ ಅನುಪಾತವನ್ನು ಬಾಯಿಪಾಠ ಮಾಡಿಸುವ ನಾನೇ ಇದನ್ನು ನಾಯಿಗೆ ಅನ್ವಯಿಸಲು ಮರೆತಿದ್ದೆ. ಸಾಲದ್ದಕ್ಕೆ, ಒಂದೇ ಹೆರಿಗೆಯ ಮರಿಗಳಿಗೆ ಬೇರೆ ಬೇರೆ ತಂದೆಗಳಿರಲು ಸಾಧ್ಯ. ಟೀ ಅಂಗಡಿಯವರು ರಾಗಿಯ ಒಡಹುಟ್ಟು ಎಂದು ತೋರಿಸಿದ್ದ ಇನ್ನೊಂದು ಮರಿ ಅಚ್ಚ ಕಪ್ಪು, ಜೋಲುಗಿವಿ. ಅದನ್ನು ನೋಡಿದವರು ಲ್ಯಾಬ್ರಡಾರ್ ಎನ್ನುತ್ತಿದ್ದರು.

ದೊರೆಗಳ ನಾಯಿಯ ಲೆಕ್ಕ

ಕೆಜಿಎಫ್ ವಾದವನ್ನು ನಗುತ್ತಾ ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲೊಂದು ತರ್ಕವಿದೆ, ಅದನ್ನು ಲೆಕ್ಕ ಹಾಕಿಯೇ ನೋಡಬೇಕೆನಿಸಿತು. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಗಣಿಗಳಲ್ಲಿ ಆಂಗ್ಲ ಅಧಿಕಾರಿಗಳ ಕಾಲೊನಿಯೇ ಇತ್ತು, ಅವರ ಬಂಗಲೆಗಳಲ್ಲಿ ಜಾತಿನಾಯಿಗಳೂ ಇದ್ದಿರಬಹುದು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆ ಹೊತ್ತಿಗೆ ಒಬ್ಬ ದೊರೆಯ ನಾಯಿ ಊರ್ಗಾಂ ಬೀದಿಯ ಹೆಣ್ಣು ನಾಯಿಯೊಂದನ್ನು ಕೂಡಿತೆಂದು ಇಟ್ಟುಕೊಳ್ಳೋಣ. ನಾಯಿಗಳ ಒಂದು ತಲೆಮಾರಿಗೆ ಎರಡು ವರ್ಷ ಎಂದು ಹಿಡಿದರೆ, 1956ರಿಂದ 2023ರ ನಡುವಿನ 67 ವರ್ಷಗಳಲ್ಲಿ ಸುಮಾರು 33 ತಲೆಮಾರುಗಳು ಕಳೆದಿವೆ. ಪ್ರತಿ ತಲೆಮಾರಿನಲ್ಲೂ ಆ ಪಾಲು ಅರ್ಧವಾಗುತ್ತಾ ಹೋಗುತ್ತದೆ. ಎರಡನ್ನು 33 ಸಲ ಗುಣಿಸಿದರೆ 850 ಕೋಟಿ ದಾಟುತ್ತದೆ. ಜೀನೋಮಿನ ಎರಡೂ ಪ್ರತಿ ಸೇರಿಸಿದರೂ ಅಕ್ಷರಗಳಿರುವುದು ಸುಮಾರು 480 ಕೋಟಿ. ಅಂದರೆ ದೊರೆಯ ನಾಯಿಯಿಂದ ರಾಗಿಗೆ ಬಂದಿರಬಹುದಾದ ಪಾಲು ಸರಾಸರಿ ಲೆಕ್ಕದಲ್ಲಿ ಒಂದು ಅಕ್ಷರವೂ ಅಲ್ಲ. ವಾಸ್ತವದಲ್ಲಿ ವರ್ಣತಂತುಗಳು ಅಕ್ಷರ ಅಕ್ಷರವಾಗಿ ಅಲ್ಲ, ತುಂಡು ತುಂಡಾಗಿ ದಾಟುತ್ತವೆ. ಹಾಗಾಗಿ ಅಷ್ಟು ಹಿಂದಿನ ಹೆಚ್ಚಿನ ಪೂರ್ವಜರ ಪಾಲು ಸೊನ್ನೆಯೇ ಆಗಿರುತ್ತದೆ. ಅದೇ ನಾಯಿಯ ಸಂತಾನ ಊರೆಲ್ಲ ಹಬ್ಬಿ ಹಲವು ದಾರಿಗಳಿಂದ ಬಂದು ಸೇರಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಹಿರಿಯರಿಗೆ ಇದನ್ನು ವಿವರಿಸಿದಾಗ ಅವರು ಪೂರ್ತಿ ಕೇಳಿಸಿಕೊಂಡು, “ಲೆಕ್ಕ ಸರಿ ಇರಬೌದು, ನಾಯಿ ಮುಖ ನೋಡು” ಎಂದರು.

ಈ ಲೆಕ್ಕ ಮಾಡುತ್ತಿರುವಾಗಲೇ ಇಡೀ ಪ್ರಶ್ನೆಯಲ್ಲೇ ಒಂದು ಎಡವಟ್ಟಿರುವುದು ನನಗೆ ಕಂಡದ್ದು. ‘ಯಾವ ಯಾವ ತಳಿ ಸೇರಿ ಇದು ಹುಟ್ಟಿದೆ’ ಎಂದು ಕೇಳುವವರು, ತಳಿಗಳು ಮೊದಲು, ಬೀದಿನಾಯಿ ಆಮೇಲೆ ಎಂದು ಭಾವಿಸಿರುತ್ತಾರೆ. ಇತಿಹಾಸ ತಿರುಗುಮುರುಗಾಗಿದೆ. ಇಂದು ನಾವು ಹೆಸರಿಡಿದು ಕರೆಯುವ ವಿದೇಶಿ ತಳಿಗಳಲ್ಲಿ ಹೆಚ್ಚಿನವು ಕಳೆದ ಇನ್ನೂರು ವರ್ಷಗಳೊಳಗೆ ರೂಪ ಪಡೆದವು. ಅವುಗಳ ವಂಶಾವಳಿ ಬರೆದಿಡುವ ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿದ್ದೇ 1873ರಲ್ಲಿ. ನಮ್ಮ ಊರುನಾಯಿಗಳ ಸಮುದಾಯ ಅದಕ್ಕಿಂತ ಎಷ್ಟೋ ಹಳೆಯದು, ತಳಿಗಳ ಬೆರಕೆಯಿಂದ ಹುಟ್ಟದೆ ತಾನೇ ಒಂದು ಸ್ವತಂತ್ರ ವಂಶವಾಗಿ ನಿಂತಿರುವಂಥದು. ಜಗತ್ತಿನ ಬೇರೆ ಬೇರೆ ದೇಶಗಳ ಐನೂರಕ್ಕೂ ಹೆಚ್ಚು ಹಳ್ಳಿನಾಯಿಗಳನ್ನು ತಳಿನಾಯಿಗಳೊಂದಿಗೆ ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಭಾರತವೂ ಸೇರಿ ಕೆಲವು ಪ್ರದೇಶಗಳ ಹಳ್ಳಿನಾಯಿಗಳಲ್ಲಿ ಯುರೋಪಿನ ತಳಿಗಳ ಬೆರಕೆ ಬಹಳ ಕಡಿಮೆ ಎಂದು ಕಂಡುಕೊಂಡಿತು. ಅಮೆರಿಕದ ನಗರವೊಂದರಲ್ಲಿ ಸಿಕ್ಕ ನಾಯಿಯನ್ನು ನೋಡಿ ‘ಯಾವ ತಳಿಗಳ ಬೆರಕೆ’ ಎಂದು ಕೇಳುವುದು ಸಹಜ. ಬಂಗಾರಪೇಟೆಯಲ್ಲಿ ಸಿಕ್ಕ ನಾಯಿಯ ವಿಷಯದಲ್ಲಿ ಕೇಳಬೇಕಾದದ್ದು ‘ಬೆರಕೆ ಇದೆಯೇ’ ಎಂದು. ಹಾಲಿನ ಹುಡುಗನ ಮಾತನ್ನು ಅಂದು ರಾತ್ರಿ ಡೈರಿಗೆ ಸೇರಿಸಿದೆ.

ಊಹೆಗೆ ಬೆಲೆ ತೆರಬೇಕಾಗಿ ಬಂದದ್ದು

ಅಲ್ಲಿಯವರೆಗೆ ಇದೆಲ್ಲ ಜಗಲಿಯ ಹರಟೆಯಷ್ಟೇ. ಹರಟೆ ಮೊದಲು ತಟ್ಟಿದ್ದು ಔಷಧಿಗೆ. ಕಜ್ಜಿಗೆ ಐವರ್‌ಮೆಕ್ಟಿನ್ ಕೊಡುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಕೋಲಿ ಮತ್ತು ಅದರ ಬಂಧು ತಳಿಗಳಲ್ಲಿ ಎಂಡಿಆರ್-1 ಎಂಬ ಜೀನಿನ ದೋಷವಿದ್ದರೆ, ಕಜ್ಜಿಗೆ ಕೊಡುವಂಥ ಹೆಚ್ಚಿನ ಪ್ರಮಾಣದ ಈ ಔಷಧ ಮಿದುಳಿಗೆ ಸೇರಿ ಪ್ರಾಣಕ್ಕೇ ಅಪಾಯ ತರುತ್ತದೆ. ತಂಗಿಯ ಮಗಳ ಊಹೆಯನ್ನು ನಾನು ನಗುತ್ತಲೇ ಹೇಳಿದ್ದೆ, ವೈದ್ಯರು ನಗಲಿಲ್ಲ. “ಇರಲಿಕ್ಕಿಲ್ಲ. ಆದ್ರೂ ಬೇರೆ ಮಾತ್ರೆ ಇದೆಯಲ್ಲ, ಅದನ್ನೇ ಕೊಡೋಣ” ಎಂದರು. ಬೆಲೆ ಹೆಚ್ಚಾಯಿತು, ಕಜ್ಜಿ ವಾಸಿಯಾಯಿತು. ದುರ್ಬಲವಾದ ಊಹೆಯೂ ತಪ್ಪಿದರೆ ಆಗುವ ನಷ್ಟ ದೊಡ್ಡದಿದ್ದಾಗ ಲೆಕ್ಕಕ್ಕೆ ಬರುತ್ತದೆ ಎಂಬ ಅವರ ನಡೆ ನನಗೆ ಸರಿಯೆನಿಸಿತು.

ಎರಡನೆಯದು ಹಾಗೆ ಸುಲಭವಾಗಿ ಮುಗಿಯಲಿಲ್ಲ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಸಚಿವಾಲಯವು, ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳ ಮತ್ತು ಅವುಗಳ ಮಿಶ್ರ ಸಂತಾನದ ಆಮದು, ಸಂವರ್ಧನೆ, ಮಾರಾಟಗಳನ್ನು ತಡೆಯಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಈಗಾಗಲೇ ಮನೆಗಳಲ್ಲಿ ಇರುವವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದಷ್ಟೇ ಅದರಲ್ಲಿತ್ತು, ಹೊರಹಾಕಿ ಎಂದಿರಲಿಲ್ಲ. ಆದರೆ ಕೆಳಮನೆಯಲ್ಲಿರುವ ನಮ್ಮ ಮಾಲೀಕರು ಟಿವಿಯಲ್ಲಿ ಅರ್ಧ ಕೇಳಿ, ಅರ್ಧ ಫೋಟೊ ನೋಡಿ ಮೇಲೆ ಬಂದರು. ಅಷ್ಟು ಹೊತ್ತಿಗೆ ರಾಗಿ ವರ್ಷ ತುಂಬಿದ ನಾಯಿ. ಕೂದಲು ಮಿರಮಿರ ಹೊಳೆಯುತ್ತಿತ್ತು, ಕೆನ್ನೆಯ ಸ್ನಾಯು ತುಂಬಿಕೊಂಡು ತಲೆ ಅಗಲವಾಗಿತ್ತು, ಪಟ್ಟೆಗಳು ಎದ್ದು ಕಾಣುತ್ತಿದ್ದವು. “ಮೇಷ್ಟ್ರೇ, ಟಿವಿಯಲ್ಲಿ ತೋರಿಸಿದ್ದು ಇದೇ ಬಣ್ಣ. ಪಿಟ್‌ಬುಲ್ ಕ್ರಾಸ್ ಇದು. ಮೊಮ್ಮಗು ಓಡಾಡೋ ಮನೆ” ಎಂದರು. ಅವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸುತ್ತೋಲೆಯಲ್ಲಿದ್ದ ‘ಮಿಶ್ರ ಸಂತಾನ’ ಎಂಬ ಪದಕ್ಕೂ ನಮ್ಮ ಕಾರ್ಡಿನಲ್ಲಿದ್ದ ‘ಕ್ರಾಸ್’ ಎಂಬ ಪದಕ್ಕೂ ಗಂಟು ಬಿದ್ದದ್ದು ಅಲ್ಲೇ. ವೈದ್ಯರು ಖಾಲಿ ಬಿಡಲು ಮನಸ್ಸಾಗದೆ ಬರೆದಿದ್ದ ಒಂದು ಪದ, ಓದುವವರ ಕಣ್ಣಿನಲ್ಲಿ ತಪ್ಪೊಪ್ಪಿಗೆಯಂತೆ ಕಾಣತೊಡಗಿತು. ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ರದ್ದುಪಡಿಸಿತು. ಪತ್ರಿಕೆಯ ತುಣುಕನ್ನು ತೋರಿಸಿದೆ. “ಕೋರ್ಟ್ ಮಾತು ಕೋರ್ಟಿಗೆ, ನಾಯಿ ನಾಯಿನೇ ಅಲ್ವಾ” ಎಂದರು. ಜೂನ್‌ನಲ್ಲಿ ಬಾಡಿಗೆ ಕರಾರು ಹೊಸದು ಮಾಡಬೇಕಿತ್ತು.

ಪರೀಕ್ಷೆ

ಬೆಂಗಳೂರಿನ ಸ್ನೇಹಿತರ ಮೂಲಕ ಡಿಎನ್ಎ ಪರೀಕ್ಷೆಯ ಕಿಟ್ ತರಿಸಿದೆ. ಕೆಲಸ ಸರಳ: ಊಟವಾಗಿ ಸಾಕಷ್ಟು ಹೊತ್ತು ಕಳೆದ ಮೇಲೆ ಕೆನ್ನೆಯ ಒಳಮೈಗೆ ಹತ್ತಿಯ ಕಡ್ಡಿಯನ್ನು ಒತ್ತಿ ತಿರುಗಿಸಿ, ಕೊಳವೆಗೆ ಹಾಕಿ ಕಳಿಸುವುದು. ಬರೆದಷ್ಟು ಸರಳವಾಗಿ ಅದು ನಡೆಯಲಿಲ್ಲ. ಮೊದಲ ಕಡ್ಡಿಯನ್ನು ರಾಗಿ ಮುರಿದು ನುಂಗಲು ನೋಡಿತು, ಎರಡನೆಯದು ಬದುಕಿ ಉಳಿಯಿತು.

ಇಂಥ ಪರೀಕ್ಷೆ ನಾಯಿಯ ಜೀನೋಮಿನ ಉದ್ದಕ್ಕೂ ಹರಡಿದ ಲಕ್ಷಕ್ಕೂ ಹೆಚ್ಚು ಗುರುತುಗಳನ್ನು ಓದಿ, ತನ್ನ ಸಂಗ್ರಹದಲ್ಲಿರುವ ತಳಿಗಳ ಮಾದರಿಯೊಂದಿಗೆ ತುಂಡು ತುಂಡಾಗಿ ಹೋಲಿಸುತ್ತದೆ. ಆದ್ದರಿಂದ ಅದರ ಉತ್ತರ ಆ ಸಂಗ್ರಹದಷ್ಟೇ ಒಳ್ಳೆಯದು. ಸಂಗ್ರಹದಲ್ಲಿ ಹಳ್ಳಿನಾಯಿ ಎಂಬ ವರ್ಗವೇ ಇಲ್ಲದಿದ್ದರೆ, ಯಂತ್ರ ಸುಮ್ಮನಿರುವುದಿಲ್ಲ. ಇರುವ ಹೆಸರುಗಳಲ್ಲೇ ಹತ್ತಿರದ್ದನ್ನು ಅಂಟಿಸಿ, ಬೀದಿನಾಯಿಗೆ ಚೌ ಚೌ, ಅಕಿಟಾ ಎಂದು ಏಷ್ಯಾದ ತಳಿಗಳ ಚೂರುಗಳನ್ನು ಹಂಚಿಬಿಡುತ್ತದೆ. ಕಿಟ್ ಆರಿಸುವ ಮೊದಲು ದಕ್ಷಿಣ ಏಷ್ಯಾದ ಹಳ್ಳಿನಾಯಿ ಎಂಬ ವರ್ಗ ಅದರ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೆ, ಇತ್ತು. ಮುಧೋಳ ಇರಲಿಲ್ಲ.

ವರದಿ ಬಂದದ್ದು ಜೂನ್ ಮೊದಲ ವಾರ. ದಕ್ಷಿಣ ಏಷ್ಯಾದ ಹಳ್ಳಿನಾಯಿ ಶೇಕಡಾ 86, ಪೊಮೆರೇನಿಯನ್ ಮತ್ತು ಜರ್ಮನ್ ಸ್ಪಿಟ್ಜ್ ಗುಂಪು ಶೇಕಡಾ 11, ಗುರುತು ಹತ್ತದ ಭಾಗ ಶೇಕಡಾ 3. ಪಿಟ್‌ಬುಲ್ ಇಲ್ಲ, ಜರ್ಮನ್ ಶೆಫರ್ಡ್ ಇಲ್ಲ, ಕೋಲಿ ಇಲ್ಲ, ಎಂಡಿಆರ್-1 ದೋಷವೂ ಇಲ್ಲ. ನನ್ನ ಡೈರಿಯ ಪುಟದಲ್ಲಿ ಯಾರೂ ಬರೆಸದಿದ್ದ ಹೆಸರೆಂದರೆ ಪಮೇರಿಯನ್. ಬೇರೆ ನಾಯಿಗಳು ಅಪರೂಪವಾಗಿದ್ದ ಕಾಲದಲ್ಲೂ ನಮ್ಮ ಸಣ್ಣ ಊರುಗಳ ಮನೆಗಳಲ್ಲಿ ಇದ್ದ ಜಾತಿನಾಯಿ ಅದೊಂದೇ, ನಾವು ಪಮೇರಿಯನ್ ಎಂದು ಕರೆಯುವ ಆ ಬಿಳಿಯ ಇಂಡಿಯನ್ ಸ್ಪಿಟ್ಜ್. ಮೊದಲು ಊಹಿಸಬೇಕಾಗಿದ್ದ ಹೆಸರನ್ನು ಯಾರೂ ಊಹಿಸಲಿಲ್ಲ, ಏಕೆಂದರೆ ರಾಗಿಯಲ್ಲಿ ಅದರ ಕುರುಹೇನೂ ಕಾಣುತ್ತಿರಲಿಲ್ಲ. ಉದ್ದ ಕೂದಲು ಹಿಂಜರಿಯುವ ಲಕ್ಷಣ. ತಾಯಿತಂದೆ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ಬೆಳೆಯುತ್ತದೆ. ರಾಗಿಯಲ್ಲಿ ಅದರ ಒಂದೇ ಪ್ರತಿ ಇದೆಯೆಂದು ವರದಿಯೇ ಹೇಳಿತು. ಹುಲಿಪಟ್ಟೆಯಾದರೆ ಒಂದು ಪ್ರತಿಯಿದ್ದರೂ ಎದ್ದು ಕುಣಿಯುತ್ತದೆ. ಕಣ್ಣಿಗೆ ಕಂಡದ್ದು ಯಾವ ತಳಿಯನ್ನೂ ಸೂಚಿಸುತ್ತಿರಲಿಲ್ಲ, ನಿಜವಾಗಿ ಇದ್ದ ತಳಿ ಕಣ್ಣಿಗೆ ಕಾಣುತ್ತಿರಲಿಲ್ಲ. ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲವನ್ನು ಈಗ ಎಲ್ಲರೂ ತೋರಿಸುತ್ತಾರೆ, ಆದರೆ ಅಂಥ ಬಾಲ ಊರುನಾಯಿಗಳಲ್ಲಿ ಅರ್ಧಕ್ಕರ್ಧ ಇದೆ.

ವರದಿಯನ್ನು ಓದುವಾಗಲೂ ಊಹೆಯ ಚಾಳಿ ಬಿಡುವುದಿಲ್ಲ. ಶೇಕಡಾ 11 ಎಂಬುದು ಒಬ್ಬ ಮುತ್ತಜ್ಜ ಅಥವಾ ಮುತ್ತಜ್ಜಿಯ ಸರಾಸರಿ ಪಾಲಾದ 12.5ಕ್ಕೆ ಹತ್ತಿರವಿದೆ, ವರದಿಯೊಂದಿಗೆ ಬಂದ ವಂಶವೃಕ್ಷದ ಚಿತ್ರದಲ್ಲಿ ಆ ಜಾಗದಲ್ಲೊಂದು ಬಿಳಿ ನಾಯಿಯನ್ನು ಕೂರಿಸಿಯೂ ಇದ್ದರು. ಆದರೆ ಇನ್ನೂ ಒಂದು ತಲೆಮಾರು ಹಿಂದೆ ಎರಡು ಸ್ಪಿಟ್ಜ್‌ಗಳಿದ್ದರೂ, ಅಥವಾ ಮಿಶ್ರವಾದ ಒಂದು ಅಜ್ಜಿ ಇದ್ದರೂ ಇದೇ ಅಂಕಿ ಬರಬಹುದು. ಇನ್ನು ನನ್ನ ಮುಧೋಳ: ಸಂಗ್ರಹದಲ್ಲಿ ಆ ತಳಿಯೇ ಇಲ್ಲದ ಮೇಲೆ ಈ ಪರೀಕ್ಷೆ ಅದನ್ನು ಅಲ್ಲಗಳೆದಿದೆ ಎನ್ನಲಾಗದು, ಅದರ ಪಾಲೊಂದು ಹಳ್ಳಿನಾಯಿಯ ಲೆಕ್ಕದಲ್ಲೇ ಸೇರಿಹೋಗಿರಬಹುದು. ಹಾಗೆಂದು ನನ್ನ ಊಹೆಯನ್ನು ಉಳಿಸಿಕೊಳ್ಳಲು ನಾನು ಈ ಸಂದಿಯನ್ನು ಬಳಸಿದರೆ, ಮೂಗಿನ ನೇರಕ್ಕೆ ವಾದಿಸಿದಂತೆಯೇ ಆದೀತು. ಬೆಳೆದು ನಿಂತ ರಾಗಿಯ ಭುಜದೆತ್ತರ 51 ಸೆಂಟಿಮೀಟರ್, ತೂಕ ಹದಿನೇಳೂವರೆ ಕಿಲೋ, ಎದೆಗೂಡು ಬೇಟೆನಾಯಿಯಂತೆ ಆಳವಿಲ್ಲ. ಹೊಟ್ಟೆ ತುಂಬಿದ ಮೇಲೆ ಆ ಒಳಸೇರಿದ ಹೊಟ್ಟೆಯೂ ಉಳಿಯಲಿಲ್ಲ. ಡೈರಿಯಲ್ಲಿ ನನ್ನ ಹೆಸರಿನ ಮುಂದೆ ತಪ್ಪು ಎಂದೇ ಗುರುತು ಹಾಕಿದ್ದೇನೆ.

ವರದಿಯನ್ನು ಹಿಡಿದು ಕೆಳಗೆ ಹೋದಾಗ ಮಾಲೀಕರು ಕನ್ನಡಕ ಹಾಕಿಕೊಂಡು ಅಂಕಿಗಳನ್ನೆಲ್ಲ ನೋಡಿ, “ಸರಿ ಮೇಷ್ಟ್ರೇ. ಕಚ್ಚುತ್ತಾ, ಕಚ್ಚಲ್ವಾ, ಅದನ್ನ ಇದರಲ್ಲಿ ಬರೆದಿದೆಯಾ?” ಎಂದು ಕೇಳಿದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಬೇರಾರೂ ಕೇಳಿರಲಿಲ್ಲ. ಬರೆದಿಲ್ಲ ಎಂದೆ. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಓದಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಾಯಿಯಿಂದ ನಾಯಿಗೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇಕಡಾ 9ರಷ್ಟು ಮಾತ್ರ ಎಂದಿತು. ಅಂದಮೇಲೆ ಪಿಟ್‌ಬುಲ್ ಅಲ್ಲ ಎಂಬ ಕಾಗದ ಹಿಡಿದು ನಾನು ಅವರಿಗೆ ಭರವಸೆ ಕೊಡುವುದೂ, ಪಿಟ್‌ಬುಲ್ ಎಂದು ಅವರು ಹೆದರಿದಷ್ಟೇ ಸಡಿಲವಾದ ತರ್ಕವಾಗುತ್ತಿತ್ತು. ಬದಲಿಗೆ ಹತ್ತು ತಿಂಗಳು ಕಣ್ಣಾರೆ ಕಂಡದ್ದನ್ನು ಹೇಳಿದೆ. ಬಂದ ಎರಡನೇ ವಾರ ಊಟದ ತಟ್ಟೆ ಸರಿಸಿದ್ದಕ್ಕೆ ಒಮ್ಮೆ ಗುರುಗುಟ್ಟಿತ್ತು, ಆಮೇಲೆ ಇಲ್ಲ. ಕುಕ್ಕರ್ ಸೀಟಿಗೆ ಹೆದರಿ ಮಂಚದ ಕೆಳಗೆ ಸೇರುತ್ತದೆ. ಗ್ಯಾಸ್ ಸಿಲಿಂಡರಿನ ಆಟೊ ಬಂದರೆ ಬೀದಿ ಕಿತ್ತುಹೋಗುವಂತೆ ಬೊಗಳುತ್ತದೆ. ರೇಬಿಸ್ ಲಸಿಕೆ ಆಗಿದೆ, ಡಿಸೆಂಬರಿನಲ್ಲಿ ಸಂತಾನಹರಣ ಚಿಕಿತ್ಸೆಯೂ ಆಗಿದೆ. ಮೆಟ್ಟಿಲಿಳಿಯುವಾಗ ಹಗ್ಗ ಕಟ್ಟಿರಬೇಕು, ಮಗು ಅಂಗಳದಲ್ಲಿದ್ದಾಗ ನಾಯಿ ಮೇಲಿರಬೇಕು ಎಂಬ ಎರಡು ಷರತ್ತು ಹಾಕಿ ಅವರು ಕರಾರಿಗೆ ಸಹಿ ಮಾಡಿದರು. ಎರಡೂ ನ್ಯಾಯವಾದ ಷರತ್ತುಗಳೇ.

ಮುಂದಿನ ಲಸಿಕೆಗೆ ಹೋದಾಗ ಪಶುವೈದ್ಯರು ‘ಕ್ರಾಸ್’ ಎಂಬುದರ ಮೇಲೆ ಗೆರೆ ಎಳೆದು, ಇಕ್ಕಟ್ಟಾದ ಆ ಖಾನೆಯಲ್ಲಿ ಸಣ್ಣಕ್ಷರದಲ್ಲಿ ‘ನಾಡುನಾಯಿ, ಹುಲಿಪಟ್ಟೆ, ಎದೆ ಬಿಳಿ, ಹಿಂಗಾಲಿಗೆ ಐದು ಬೆರಳು’ ಎಂದು ಬರೆದರು. ಸ್ಪಿಟ್ಜ್ ಪಾಲನ್ನು ಸೇರಿಸಬೇಕೇ ಎಂದು ಕೇಳಿದೆ. “ಅದರಿಂದ ನಾನು ಕೊಡೋ ಮಾತ್ರೆ ಬದಲಾಗಲ್ಲ” ಎಂದು ಕಾರ್ಡು ಮಡಚಿದರು.

ಗಣಿಯ ಹಿರಿಯರಿಗೆ ಮಾತ್ರ ವರದಿಯಿಂದ ಬಹಳ ಸಂತೋಷವಾಯಿತು. “ಪಮೇರಿಯನ್ನಾ? ನಾನು ಹೇಳಲಿಲ್ವಾ! ದೊರೆ ಹತ್ರ ಅಲ್ಲ ಕಣಪ್ಪಾ, ದೊರೆಸಾನಿ ಹತ್ರ ಇದ್ದಿದ್ದೇ ಅದು” ಎಂದು ರಾಗಿಯ ತಲೆ ತಟ್ಟಿದರು. ಮೂವತ್ತಮೂರು ತಲೆಮಾರಿನ ಲೆಕ್ಕವನ್ನು ನಾನು ಮತ್ತೆ ತೆಗೆಯಲಿಲ್ಲ.